ಮಂಗಳದ ಕುಳಿಗೆ ನಮ್ಮ ಕಡೆ ಊರಿನ ಹೆಸರು: ಯಾವುದು ನಡೀತದ, ಅರ್ಜಿ ಹ್ಯಾಂಗ ಹಾಕೋದು?

ಸುರಪುರ_ಮಾಸ್ತರ

2024ರಾಗ ಉತ್ತರ ಪ್ರದೇಶದ ಮುರಸಾನ, ಬಿಹಾರದ ಹಿಲ್ಸಾ ಎರಡೂ ಮಂಗಳ ಗ್ರಹದ ಮ್ಯಾಲಿನ ಕುಳಿಗೆ (ಉಲ್ಕೆ ಬಡಿದು ಬಿದ್ದ ದುಂಡನೆ ತಗ್ಗಿಗೆ) ಹೆಸರಾದ್ವು. 2025ರಾಗ ಕೇರಳದ ವರ್ಕಲಾ, ತುಂಬಾ, ಬೇಕಲ್, ವಲಿಯಮಲ ಹೋದ್ವು, ಜೋಡಿಗೆ ಪೆರಿಯಾರ್ ಹೊಳಿ ಹೆಸರೂ ಒಂದು ಕಣಿವಿಗೆ ಬಿತ್ತು. ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲಾ ಕೂಡಿ ಒಂದು ಪಟ್ಟಿ ಮಾಡೀವಿ: ಕಲಬುರಗಿ, ಬೀದರ, ಯಾದಗಿರಿ, ಬಸವಕಲ್ಯಾಣ, ಗಾಣಗಾಪುರ, ಸೇಡಂ, ಆಳಂದ, ಭಾಲ್ಕಿ, ವಾಡಿ, ಮಳಖೇಡ, ಸನ್ನತಿ. ಹೊಳಿಗಳಾಗ ಭೀಮಾ, ಕೃಷ್ಣಾ, ಕಾಗಿಣಾ. ಇದರಾಗ ಯಾವುದು ಪಾಸ್, ಯಾವುದು ಫೇಲ್? ಕಾರಣ ಸಮೇತ ಹೇಳ್ರಿ. ಅರ್ಜಿ ಯಾರಿಗೆ, ಹ್ಯಾಂಗ ಅನ್ನೋದೂ ಬೇಕು.

ನಕಾಶೆ_ಹುಚ್ಚ

ಮಾಸ್ತರ, ಮೊದಲು ಪಟ್ಟಿಯ ತಲೆಯನ್ನೇ ಹಾರಿಸಬೇಕಾಗ್ತದ. ಕಲಬುರಗಿ ಇಲ್ಲ, ಬೀದರ ಇಲ್ಲ.

ಗ್ರಹಗಳ ಮೇಲಿನ ಹೆಸರು ಅಧಿಕೃತ ಮಾಡೋದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ, ಅಂದರೆ ಐಎಯು. ಅದರ ಹೆಸರಿಡುವ ಕಾರ್ಯಪಡೆ ಒಪ್ಪಿದ ಹೆಸರುಗಳು ಅಧಿಕೃತ ಹೆಸರಿನ ಪಟ್ಟಿಯಾದ ಒಂದು ಗೆಜೆಟಿಯರ್‌ಗೆ ಸೇರ್ತಾವ. ಆ ಗೆಜೆಟಿಯರ್ ನೋಡಿಕೊಳ್ಳೋದು ಅಮೆರಿಕದ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿರುವ ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ) ಕಚೇರಿ. ಪ್ರತಿ ಗ್ರಹಕ್ಕೂ, ಅಲ್ಲಿನ ಪ್ರತಿ ಬಗೆಯ ನೆಲರಚನೆಗೂ ಒಂದೊಂದು ವಿಷಯ ಗೊತ್ತು ಮಾಡಿದ್ದಾರ. ಮಂಗಳದಲ್ಲಿ ಸುಮಾರು 50–60 ಕಿ.ಮೀ.ಗಿಂತ ದೊಡ್ಡ ಕುಳಿಗೆ ತೀರಿಹೋದ ವಿಜ್ಞಾನಿಗಳು, ಮಂಗಳದ ಬಗ್ಗೆ ಬರೆದವರು. ಅದಕ್ಕಿಂತ ಸಣ್ಣ ಕುಳಿಗೆ ಜಗತ್ತಿನ ಸಣ್ಣ ಊರುಗಳು, ಜನಸಂಖ್ಯೆ ಹೆಚ್ಚುಕಡಿಮೆ ಒಂದು ಲಕ್ಷದ ಒಳಗಿರಬೇಕು. 2011ರ ಜನಗಣತಿಯಲ್ಲಿ ಕಲಬುರಗಿ 5 ಲಕ್ಷ ದಾಟಿತ್ತು, ಬೀದರ 2 ಲಕ್ಷ ದಾಟಿತ್ತು. ಯಾದಗಿರಿ 74 ಸಾವಿರದ ಆಸುಪಾಸಿತ್ತು, ಅಂದರೆ ಈಗಿನ ಲೆಕ್ಕಕ್ಕೆ ಒಳಗೇ ಇದೆ. 2027ರ ಜನಗಣತಿಯ ಅಂಕಿ ಬಂದ ಮೇಲೆ ಅದೂ ಗಡಿ ದಾಟಿದರೆ ಆಶ್ಚರ್ಯ ಇಲ್ಲ. ಯಾದಗಿರಿ ಬೇಕಿದ್ದರೆ ತಡ ಮಾಡಬೇಡಿ.

ಗಾಣಗಾಪುರ ಕೈಬಿಡಿ. ಈಗ ಆಚರಣೆಯಲ್ಲಿರುವ ಧರ್ಮಕ್ಕೆ ಸಂಬಂಧಪಟ್ಟ ಹೆಸರು ಬೇಡ ಅಂತ ನಿಯಮ. ದತ್ತ ಕ್ಷೇತ್ರ ಅನ್ನೋದು ಹುಡುಕಿದ ಕೂಡಲೇ ಸಿಗ್ತದ. ಬಸವಕಲ್ಯಾಣಕ್ಕೂ ಅದೇ ತಕರಾರು ಬರೋ ಸಂಭವ ಹೆಚ್ಚು. ರಾಜಕೀಯ, ಮಿಲಿಟರಿ ಹೆಸರಿಗೂ ನಿಷೇಧ ಅದ. 19ನೇ ಶತಮಾನಕ್ಕಿಂತ ಹಿಂದಿನ ರಾಜಕೀಯ ವ್ಯಕ್ತಿಗಳಿಗೆ ಮಾತ್ರ ವಿನಾಯಿತಿ.

ವಾಡಿ ಬೇಡ. ಒಣ ಹಳ್ಳಕ್ಕೆ ಅರಬ್ಬಿಯಲ್ಲಿ ವಾಡಿ ಅಂತಾರ, ಭೂವಿಜ್ಞಾನಿಗಳೂ ಅದೇ ಶಬ್ದ ಬಳಸ್ತಾರ. ಕುಳಿಯ ಹೆಸರು ವಾಡಿ ಅಂತಿಟ್ಟರೆ ಓದಿದವರು ಅಲ್ಲೊಂದು ಹಳ್ಳ ಹುಡುಕ್ತಾರ.

ಆಳಂದಕ್ಕೆ ಇನ್ನೊಂದು ತೊಡಕು: ರೋಮನ್ ಲಿಪಿಯಲ್ಲಿ ಬರೆದರೆ ಫಿನ್ಲೆಂಡಿನ ಒಂದು ದ್ವೀಪಸಮೂಹದ ಹೆಸರಿಗೆ ಹೊಂದಿಕೊಂಡು ಬಿಡ್ತದ. ಗೊಂದಲ ಇಲ್ಲದ ಹೆಸರು ಇರಬೇಕು ಅನ್ನೋದು ಅವರ ಮೊದಲನೇ ನಿಯಮ.

ಉಳಿದವು ಸೇಡಂ, ಭಾಲ್ಕಿ. ಇವೆರಡೂ ಛಲೋ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಚಿಂಚೋಳಿ, ಕೆಂಭಾವಿ ಸೇರಿಸ್ರಿ. ಮಳಖೇಡ, ಸನ್ನತಿಗೆ ಬೇರೆ ಗ್ರಹ ನೋಡಬೇಕು, ಅದನ್ನ ಆಮೇಲೆ ಬರೀತೀನಿ.

ತೊಗರಿ_ಕಣಜ

ಧಾರ್ಮಿಕ ಹೆಸರು ಬ್ಯಾಡ ಅಂತೀರಿ. ಚಂದ್ರಯಾನ-3 ಇಳಿದ ಜಾಗಕ್ಕ ಶಿವಶಕ್ತಿ ಅಂತ ಐಎಯುನೇ 2024ರ ಮಾರ್ಚ್‌ನಾಗ ಒಪ್ಪೇದ ಅಲ್ರೀ? ಅದು ಹ್ಯಾಂಗ?

ನಕಾಶೆ_ಹುಚ್ಚ

ಅದರ ಪೂರ್ತಿ ಹೆಸರು ಸ್ಟೇಷಿಯೊ ಶಿವಶಕ್ತಿ. ಸ್ಟೇಷಿಯೊ ಅಂದರೆ ನೌಕೆ ಇಳಿದ ಜಾಗ, ಅದೇ ಒಂದು ಬೇರೆ ವರ್ಗ. ಅಪೊಲೊ 11ರ ಸ್ಟೇಷಿಯೊ ಟ್ರ್ಯಾಂಕ್ವಿಲಿಟಾಟಿಸ್ ಕೂಡ ಅದರಲ್ಲೇ ಬರ್ತದ. ಗೆಜೆಟಿಯರ್‌ನಲ್ಲಿ ಶಿವಶಕ್ತಿಯನ್ನ ಭಾರತೀಯ ಪುರಾಣದ ಜೋಡಿ ಪದ ಅಂತ ನಮೂದಿಸಿದ್ದಾರ. ಪುರಾಣ ಎಲ್ಲಿ ಮುಗೀತದ, ಧರ್ಮ ಎಲ್ಲಿ ಸುರು ಆಗ್ತದ ಅನ್ನೋ ಗೆರೆ ನೇರವಾಗಿಲ್ಲ, ಒಪ್ಪಿದೆ. ಆದರೆ ಒಂದು ದೇಶದ ನೌಕೆ ಇಳಿದ ಜಾಗಕ್ಕೆ ಸಿಕ್ಕ ಸಡಿಲಿಕೆ 8 ಕಿ.ಮೀ.ನ ಅನಾಮಧೇಯ ಕುಳಿಗೂ ಸಿಗ್ತದ ಅಂತ ಅರ್ಜಿ ಹಾಕೋದು ಜಾಣತನ ಅಲ್ಲ. ವಾದಕ್ಕೆ ಆಸ್ಪದ ಇಲ್ಲದ ಹೆಸರು ಹತ್ತಾರು ಇರುವಾಗ ಅದನ್ನೇ ಯಾಕೆ ಹಿಡೀಬೇಕು?

ಇದೇ ಕಾರಣಕ್ಕೆ ಹೊಳಿಗಳಲ್ಲಿ ಕೃಷ್ಣಾ ಬೇಡ, ಭೀಮಾ ಅನುಮಾನ, ಕಾಗಿಣಾ ನಿಶ್ಚಿಂತ. ಮಂಗಳದ ದೊಡ್ಡ ಕಣಿವೆಗಳಿಗೆ ಆ ಗ್ರಹಕ್ಕೇ ಬೇರೆ ಬೇರೆ ಭಾಷೆಯಲ್ಲಿರುವ ಹೆಸರು ಇಡ್ತಾರ: ಸಂಸ್ಕೃತದಿಂದ ಮಂಗಲ ವಾಲಿಸ್ (ವಾಲಿಸ್ ಅಂದರೆ ಕಣಿವೆ), ಜಪಾನಿಯಿಂದ ಕಾಸೇ ವಾಲಿಸ್. ಸಣ್ಣ ಕಣಿವೆಗೆ ಭೂಮಿಯ ನದಿ. ಪೆರಿಯಾರ್ ಹೋಗಿದ್ದು ಈ ಬಾಗಿಲಿನಿಂದ. ಗಂಗೆಯ ಹೆಸರು ಗ್ಯಾಂಜಿಸ್ ಕಾಸ್ಮಾ ಅಂತ ಮಂಗಳದ ಒಂದು ಆಳ ಕಮರಿಗೆ ಇದೆಯಲ್ಲ ಅಂತ ಯಾರಾದರೂ ಕೇಳೋ ಮುಂಚೆ ಹೇಳಿಬಿಡ್ತೀನಿ: ಅದು 19ನೇ ಶತಮಾನದಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ದೂರದರ್ಶಕದಿಂದ ನೋಡಿ ಬರೆದ ನಕಾಶೆಯ ಕಾಲದ್ದು. ಅವನು ಕಪ್ಪು–ಬಿಳುಪು ಕಲೆಗಳಿಗೆ ಇಟ್ಟ ಹೆಸರನ್ನೇ ಪಕ್ಕದ ದೊಡ್ಡ ರಚನೆಗಳಿಗೆ ಮುಂದುವರಿಸಿದ್ದಾರ. ಇವತ್ತು ಯಾರೂ ಅರ್ಜಿ ಹಾಕಿ ಅದನ್ನ ತಂದಿದ್ದಲ್ಲ.

ಫರಸಿಕಲ್ಲು

ಹೆಸರಿನ ಪಟ್ಟಿ ಮಾಡ್ಕೋತ ಕುಂತರ ಹತ್ತು ವರ್ಷ ಕುಂತಿರಬೇಕಾಗ್ತದ. ಉಲ್ಟಾ ಹಿಡಿದೀರಿ. ಮೊದಲು ಕುಳಿ ಬೇಕು, ಆ ಕುಳಿಗೆ ಹೆಸರು ಯಾಕ ಬೇಕು ಅನ್ನೋ ವೈಜ್ಞಾನಿಕ ಕಾರಣ ಬೇಕು, ಕೊನೀಗೆ ಹೆಸರು.

ಮುರಸಾನ–ಹಿಲ್ಸಾ ಹ್ಯಾಂಗ ಬಂದ್ವು ನೋಡ್ರಿ. ಅಹಮದಾಬಾದಿನ ಪಿಆರ್‌ಎಲ್ (ಭೌತ ಸಂಶೋಧನಾ ಪ್ರಯೋಗಾಲಯ) ನವರು ಥಾರ್ಸಿಸ್ ಅನ್ನೋ ಮಂಗಳದ ಜ್ವಾಲಾಮುಖಿ ಪ್ರದೇಶದ ಸುಮಾರು 65 ಕಿ.ಮೀ. ಅಗಲದ ಒಂದು ಕುಳಿ ಅಭ್ಯಾಸ ಮಾಡಿದ್ರು. ಮ್ಯಾಲೆಲ್ಲ ಲಾವಾ. ನೆಲದೊಳಗ ಇಳಿಯೋ ರಾಡಾರ್ ದತ್ತಾಂಶದಾಗ ಲಾವಾದ ಕೆಳಗ ಸುಮಾರು 45 ಮೀಟರ್ ದಪ್ಪದ ಕೆಸರು ಪದರು ಕಾಣಿಸ್ತು, ಅಂದ್ರ ಒಂದು ಕಾಲಕ್ಕ ಅಲ್ಲಿ ನೀರು ಹರಿದು ಮಣ್ಣು ತಂದು ತುಂಬೇದ. ಇದನ್ನ ಪ್ರಬಂಧದಾಗ ಬರೀಬೇಕಂದ್ರ ದೊಡ್ಡ ಕುಳಿಗೂ ಹೆಸರು ಬೇಕು, ಅದರ ಪೂರ್ವ ಮತ್ತು ಪಶ್ಚಿಮ ದಂಡಿ ಮ್ಯಾಲ ಕುಂತ ಸುಮಾರು 10 ಕಿ.ಮೀ.ನ ಎರಡು ಸಣ್ಣ ಕುಳಿಗೂ ಬೇಕು. ದೊಡ್ಡದು ಲಾಲ್ ಆತು, ಭೂಭೌತ ವಿಜ್ಞಾನಿ ದೇವೇಂದ್ರ ಲಾಲ್ ಅವರ ಹೆಸರು. ಸಣ್ಣವು ಮುರಸಾನ, ಹಿಲ್ಸಾ ಆದ್ವು.

ಹೆಸರಿಲ್ಲದ ಕುಳಿಗೆ ಬರಗಾಲ ಇಲ್ಲ. 2012ರಾಗ ಪ್ರಕಟ ಆದ ಒಂದು ಕುಳಿ ಪಟ್ಟಿಯಾಗ 1 ಕಿ.ಮೀ. ಮತ್ತು ಅದಕ್ಕಿಂತ ದೊಡ್ಡವು 3,84,343 ಅವ. ಹೆಸರು ಇರೋದು ಸಾವಿರದ ಮ್ಯಾಲ ಸ್ವಲ್ಪಕ್ಕ. ಉಳಿದವಕ್ಕ ಯಾಕ ಇಟ್ಟಿಲ್ಲ ಅಂದ್ರ ಹೆಸರು ಎಷ್ಟು ಕಡಿಮಿ ಆದ್ರ ಅಷ್ಟು ಛಲೋ ಅನ್ನೋದೇ ಅವರ ಧೋರಣೆ. 100 ಮೀಟರ್‌ಗಿಂತ ಸಣ್ಣ ರಚನೆಗೆ, ಭಾಳ ದೊಡ್ಡ ಕಾರಣ ಇಲ್ಲದ ಹೊರತು, ಹೆಸರೇ ಇಡಂಗಿಲ್ಲ.

ತೊಗರಿ_ಕಣಜ

ಅಂದ್ರ ನಮ್ಮ ಊರಿಗೆ ಗೌರವ ಅಂತ ಏನೂ ಇಲ್ಲೇನು? ಮತ್ತ ಯಾಕ ಇಷ್ಟು ಕಷ್ಟ?

ನಕಾಶೆ_ಹುಚ್ಚ

ಇಲ್ಲ, ಮತ್ತು ಅದನ್ನ ಅವರೇ ಬರೆದಿಟ್ಟಿದ್ದಾರ: ಸಣ್ಣ ಊರುಗಳ ವರ್ಗ ಇರೋದು ಹೆಸರಿನ ದೊಡ್ಡ ಸಂಗ್ರಹ ಬೇಕಲ್ಲ ಅಂತ, ಯಾವ ಊರನ್ನೂ ಸ್ಮರಿಸೋ ಉದ್ದೇಶ ಇಲ್ಲ. ಅದಕ್ಕೇ ಅರ್ಜಿಯಲ್ಲಿ “ಕಲ್ಯಾಣ ಕರ್ನಾಟಕದ ಹೆಮ್ಮೆ” ಅಂತ ಒಂದು ಸಾಲು ಬರೆದರೂ ನಿಮ್ಮ ಕೇಸು ಸಡಿಲ ಆಗ್ತದ. ಊರು ಇದೆ, ಸಣ್ಣದಿದೆ, ಇಂಥ ಅಟ್ಲಾಸಿನ ಇಂಥ ಪುಟದಲ್ಲಿ ಅಥವಾ ಇಂಥ ಜನಗಣತಿ ದಾಖಲೆಯಲ್ಲಿದೆ. ಅಷ್ಟೇ ಸಾಕು. ಹೆಮ್ಮೆಯನ್ನ ಇಲ್ಲಿ ಪಡೋಣ.

ಇನ್ನೊಂದು ಮಾತು. ದುಡ್ಡು ತಗೊಂಡು ಕುಳಿಗೆ ಹೆಸರಿಟ್ಟು ಸರ್ಟಿಫಿಕೇಟ್ ಕೊಡ್ತೀವಿ ಅನ್ನೋ ಸೈಟುಗಳಿಗೆ ಹೋಗಬೇಡಿ. ಐಎಯು ಹೆಸರು ಮಾರೋದಿಲ್ಲ. ಅಂಥ ಹೆಸರು ಯಾವ ನಕಾಶೆಗೂ ಬರೋದಿಲ್ಲ.

ಸುರಪುರ_ಮಾಸ್ತರ

ಸರಿ, ಕುಳಿ ಮೊದಲು. ಹುಡುಕೋದು ಹ್ಯಾಂಗ? ಕಾಲೇಜಿನ ಹುಡುಗರು ಮನೀ ಕಂಪ್ಯೂಟರ್‌ನಾಗ ಮಾಡಬಹುದೇನು?

ಬಿದರಿ_ಕುಸುರಿ

ಮಾಡಬಹುದು ಸರ್, ಎಲ್ಲ ದತ್ತಾಂಶವೂ ಪುಕ್ಕಟೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಜೆಮಾರ್ಸ್ ಅನ್ನೋ ನಕಾಶೆ ತಂತ್ರಾಂಶ ಹಾಕಿಕೊಳ್ಳಲಿ. ಮುಂದೆ ಬರೋ ಥೆಮಿಸ್, ಮೋಲಾ, ಸಿಟಿಎಕ್ಸ್, ಹೈರೈಸ್ ಎಲ್ಲ ಮಂಗಳ ಸುತ್ತುವ ನೌಕೆಗಳ ಉಪಕರಣಗಳು. ತಳಪದರಕ್ಕೆ ಥೆಮಿಸ್ ಶಾಖಚಿತ್ರ, ಪಿಕ್ಸೆಲ್ಲಿಗೆ 100 ಮೀಟರ್. ಎತ್ತರಕ್ಕೆ ಮೋಲಾ, ಪಿಕ್ಸೆಲ್ಲಿಗೆ ಸುಮಾರು 463 ಮೀಟರ್. ಇವೆರಡರಲ್ಲಿ ಕುಳಿ ಆರಿಸಿ, ಆಮೇಲೆ ಸಿಟಿಎಕ್ಸ್ ಚಿತ್ರ ತೆರೆಯಲಿ, ಅದರಲ್ಲಿ ಪಿಕ್ಸೆಲ್ಲಿಗೆ ಸುಮಾರು 6 ಮೀಟರ್. ಹೈರೈಸ್‌ನಲ್ಲಿ 25–30 ಸೆಂ.ಮೀ. ತನಕ ಕಾಣುತ್ತೆ, ಆದರೆ ಅದು ಇಡೀ ಮಂಗಳವನ್ನು ಆವರಿಸಿಲ್ಲ. ನಿಮ್ಮ ಕುಳಿಗೆ ಇದ್ದರೆ ಅದೃಷ್ಟ. ಗೆಜೆಟಿಯರ್ ಹೆಸರುಗಳ ಪದರವನ್ನೂ ಮೇಲೆ ಹಾಕಿದರೆ ಯಾವುದಕ್ಕೆ ಹೆಸರಿದೆ ಅಂತ ಆಗಲೇ ಗೊತ್ತಾಗುತ್ತೆ.

ಹೆಚ್ಚಿನವರು ಎಡವೋದು ಅಳತೆಯಲ್ಲಿ. ಮೂರು ಜಾಗ.

ಒಂದು, ವ್ಯಾಸ. ಕುಳಿಯ ಅಂಚಿನ ತುದಿಯಿಂದ ಎದುರಿನ ಅಂಚಿನ ತುದಿಗೆ ಅಳೀಬೇಕು, ಒಳಗಿನ ತಳದಿಂದ ಅಲ್ಲ, ಹೊರಗೆ ಚೆಲ್ಲಿದ ಮಣ್ಣಿನಿಂದಲೂ ಅಲ್ಲ. ಅಂಚಿನ ಮೇಲೆ ಮೂರಕ್ಕಿಂತ ಹೆಚ್ಚು ಬಿಂದು ಇಟ್ಟು ವೃತ್ತ ಕೂಡಿಸಿ, ಆ ವೃತ್ತದ ಕೇಂದ್ರವೇ ಕುಳಿಯ ಕೇಂದ್ರ. ಸಾದಾ ಚೌಕ ನಕಾಶೆಯಲ್ಲಿ ಅಳೆದರೆ ಮೋಸ ಹೋಗ್ತೀರಿ. ಅದರಲ್ಲಿ ಧ್ರುವದ ಕಡೆ ಹೋದ ಹಾಗೆ ಪೂರ್ವ–ಪಶ್ಚಿಮ ಹಿಗ್ಗುತ್ತೆ: 45 ಡಿಗ್ರಿ ಅಕ್ಷಾಂಶದಲ್ಲಿ 1.41 ಪಟ್ಟು, 60ರಲ್ಲಿ ಸರೀ ಎರಡು ಪಟ್ಟು. ದುಂಡಗಿನ ಕುಳಿ ಅಡ್ಡ ಮಲಗಿದ ಮೊಟ್ಟೆಯ ಹಾಗೆ ಕಂಡರೆ ಪ್ರೊಜೆಕ್ಷನ್ (ಗುಂಡನೆಯ ನೆಲವನ್ನು ಚಪ್ಪಟೆ ನಕಾಶೆಗೆ ಇಳಿಸೋ ರೀತಿ) ಬದಲಿಸಿಲ್ಲ ಅಂತಲೇ ಅರ್ಥ.

ಎರಡು, ರೇಖಾಂಶ. ಈಗ ಮಂಗಳಕ್ಕೆ ಪೂರ್ವಕ್ಕೆ 0ಯಿಂದ 360 ಡಿಗ್ರಿ ಎಣಿಸೋದು ರೂಢಿ. ಹಳೇ ನಕಾಶೆ, ಹಳೇ ಪ್ರಬಂಧಗಳಲ್ಲಿ ಪಶ್ಚಿಮಕ್ಕೆ ಎಣಿಸಿರುತ್ತಾರೆ. ಲಾಲ್ ಕುಳಿ 209.34 ಡಿಗ್ರಿ ಪೂರ್ವ, ಅದೇ ಹಳೇ ಲೆಕ್ಕದಲ್ಲಿ 150.66 ಪಶ್ಚಿಮ. 360ರಿಂದ ಕಳೆದರೆ ಆಯ್ತು, ಆದರೆ ಯಾವುದರಲ್ಲಿ ಬರೆದಿದ್ದೀರಿ ಅಂತ ಹೇಳದೆ ಬಿಟ್ಟರೆ ಗ್ರಹದ ಆಚೆ ಬದಿಯ ಜಾಗ ತೋರಿಸಿದ ಹಾಗಾಗುತ್ತೆ.

ಮೂರನೆಯದು ಕಣ್ಣಿಗೇ ಬೀಳೋದಿಲ್ಲ. ಮಂಗಳ ಪೂರ್ತಿ ಗುಂಡಗಿಲ್ಲ, ಧ್ರುವದ ಕಡೆ ಸ್ವಲ್ಪ ಚಪ್ಪಟೆ. ಹಾಗಾಗಿ ಅಕ್ಷಾಂಶ ಎಣಿಸೋ ಎರಡು ರೀತಿ ಇವೆ: ಗ್ರಹದ ಕೇಂದ್ರದಿಂದ ಎಳೆದ ಗೆರೆಯ ಕೋನ ಒಂದು, ನೆಲಕ್ಕೆ ಲಂಬವಾದ ಗೆರೆಯ ಕೋನ ಇನ್ನೊಂದು. ನಡು ಅಕ್ಷಾಂಶದಲ್ಲಿ ಇವೆರಡಕ್ಕೂ ಹೆಚ್ಚೆಂದರೆ 0.34 ಡಿಗ್ರಿ ವ್ಯತ್ಯಾಸ. ಮಂಗಳದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 59 ಕಿ.ಮೀ., ಆದ್ದರಿಂದ ತಪ್ಪು 20 ಕಿ.ಮೀ. ತನಕ ಬರಬಹುದು. 10 ಕಿ.ಮೀ. ಕುಳಿಯನ್ನು ಹುಡುಕುತ್ತಾ ಹೋದವನಿಗೆ ಬಯಲು ಸಿಗುತ್ತೆ. ಗೆಜೆಟಿಯರ್‌ನಲ್ಲಿ ಎರಡೂ ರೀತಿ ಆರಿಸಿಕೊಳ್ಳಲು ಬರುತ್ತೆ. ನೀವು ಮಂಗಳಕ್ಕೆ ಕೇಂದ್ರದಿಂದ ಎಣಿಸುವ ರೀತಿಯನ್ನೇ ಬಳಸಿ, ಹಾಗಂತ ನಮೂದಿಸಿ.

ಫರಸಿಕಲ್ಲು

ಮೇಡಂ ಹೇಳಿದ್ದು ಲೆಕ್ಕ. ಈಗ ಯಾವ ಕುಳಿ ಅನ್ನೋದು. ಬೀದರದವರ ಕೈಯಾಗ ಒಂದು ಗಟ್ಟಿ ಎಲಿ ಅದ, ಯಾರೂ ಆಡ್ತಾ ಇಲ್ಲ.

ಬೀದರ ಕೋಟೆ ಕುಂತಿರೋ ಕೆಂಪು ಜಂಬಿಟ್ಟಿಗಿ ದಿಬ್ಬ ನೋಡ್ರಿ. ಕೆಳಗ ದಖನ್ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ್ದು. ಅದು ಮಳಿ–ಬಿಸಿಲಿಗೆ ಕೊಳೆತು ಮ್ಯಾಲ ಲ್ಯಾಟರೈಟ್ ಆಗ್ಯಾದ. ಮ್ಯಾಲಿನ ಪದರದಾಗ ಕಬ್ಬಿಣ, ಅಲ್ಯುಮಿನಿಯಂ ಉಳೀತು, ಸಿಲಿಕಾ ಮತ್ತ ಮೆಗ್ನೀಸಿಯಂ ತೊಳೆದು ಹೋತು, ನಡುವ ಜೇಡಿ. ನೀರು ಮ್ಯಾಲಿನ ತೂತಿನ ಕಲ್ಲಿನಾಗ ಇಂಗ್ತದ, ಕೆಳಗಿನ ಗಟ್ಟಿ ಬಸಾಲ್ಟ್ ಮ್ಯಾಲ ನಿಲ್ತದ. ಬೀದರದ ನೌಬಾದದಾಗ ಇರೋ ಕರೇಜ್ ಅನ್ನೋ ನೀರಿನ ಸುರಂಗ ತೋಡಿದವರು ಹಿಡಿದಿದ್ದು ಈ ಕೂಡು ಜಾಗಾನೇ.

ಮಂಗಳದಾಗ ಮಾವರ್ತ್ ವಾಲಿಸ್ ಅನ್ನೋ ಕಣಿವಿ ಸುತ್ತ ಇದೇ ಥರ ಪದರು ಅವ: ಕೆಳಗ ಕಬ್ಬಿಣ–ಮೆಗ್ನೀಸಿಯಂ ಜೇಡಿ, ಮ್ಯಾಲ ಅಲ್ಯುಮಿನಿಯಂ ಜೇಡಿ. ಮ್ಯಾಲಿನಿಂದ ನೀರು ಇಳಿದು ಕಲ್ಲು ಕೊಳೆತಿದ್ದು ಅನ್ನೋದು ಒಂದು ಪ್ರಬಲ ವಾದ, ಅದಕ್ಕ ಭೂಮಿ ಮ್ಯಾಲಿನ ಹೋಲಿಕಿಗೆ ಲ್ಯಾಟರೈಟ್ ತಗೋತಾರ. ಸಣ್ಣ ಕುಳಿ ಈ ಪದರು ಕೊರೆದು ಗೋಡಿ ಬಿಚ್ಚಿ ತೋರಿಸಿರ್ತದ. ಅಂಥ ಗೋಡಿ ಛಂದ ಕಾಣೋ, ಹೆಸರಿಲ್ಲದ, 5ರಿಂದ 15 ಕಿ.ಮೀ. ಕುಳಿ ಹಿಡೀರಿ. ಕ್ರಿಸಂ ಅನ್ನೋ ರೋಹಿತ ಉಪಕರಣದ (ಬೆಳಕನ್ನ ಬಣ್ಣಬಣ್ಣ ಒಡೆದು ಖನಿಜ ಗುರುತಿಸೋದು) ದತ್ತಾಂಶ ಅಲ್ಲಿ ಅದ ಏನು ನೋಡ್ರಿ. ಬೀದರದ ಪದರಿನ ರೋಹಿತದ ಜೋಡಿ ಹೋಲಿಸಿ ಒಂದು ಪ್ರಬಂಧ ತಯಾರು ಮಾಡ್ರಿ. ಕಡಗಂಚಿ ಕೇಂದ್ರೀಯ ವಿಶ್ವವಿದ್ಯಾಲಯದಾಗ ಭೂವಿಜ್ಞಾನ ವಿಭಾಗ ಅದ, ಅವರನ್ನ ಕೂಡಿಸ್ಕೋರಿ. ಆವಾಗ “ಭಾಲ್ಕಿ ಕುಳಿಯ ಉತ್ತರ ಗೋಡೆ” ಅಂತ ಬರೀಲಾಕ ಹೆಸರು ಖರೇನೇ ಬೇಕಾಗ್ತದ.

ಸುರಪುರ_ಮಾಸ್ತರ

ಭಾರಿ ಆತು. ಮಳಖೇಡ, ಸನ್ನತಿ ಬಾಕಿ ಉಳದಾವ ನಕಾಶೆ ಸರ್.

ನಕಾಶೆ_ಹುಚ್ಚ

ಬುಧ. ಅಲ್ಲಿನ ಕಣಿವೆಗಳಿಗೆ ಪಾಳುಬಿದ್ದ ಪ್ರಾಚೀನ ನಗರಗಳ ಹೆಸರು ಇಡ್ತಾರ. 2013ರಲ್ಲಿ ಒಪ್ಪಿದವು ಅಂಗ್ಕೋರ್, ಕಹೋಕಿಯಾ, ಕರಾಲ್, ಪೇಸ್ಟಂ, ಟಿಮ್‌ಗಾಡ್. ಪ್ರಾಚೀನ ಅಂದರೆ ಕ್ರಿಸ್ತಪೂರ್ವವೇ ಆಗಬೇಕು ಅಂತಿಲ್ಲ. ಅಂಗ್ಕೋರ್ 9ನೇ ಶತಮಾನದಿಂದ ಮೆರೆದದ್ದು, ಕಹೋಕಿಯಾ 11ನೇ ಶತಮಾನದ್ದು. ಹಾಗಿರುವಾಗ 9–10ನೇ ಶತಮಾನದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟಕ್ಕೆ, ಅಂದರೆ ಈಗಿನ ಮಳಖೇಡಕ್ಕೆ, ಕಾಲದ ಅಡ್ಡಿ ಇಲ್ಲ. ಮಳಖೇಡದಲ್ಲಿ ಈಗಲೂ ಜನ ಇದ್ದಾರಲ್ಲ ಅಂದರೆ, ಅಂಗ್ಕೋರ್ ಬಯಲಲ್ಲೂ ಹಳ್ಳಿಗಳಿವೆ. ಈಗಿನ ಊರಿನ ಹೆಸರು ಬಿಟ್ಟು ಹಳೇ ರಾಜಧಾನಿಯ ಹೆಸರು ಕೊಟ್ಟರೆ ವಾದ ಇನ್ನೂ ಬಿಗಿ.

ಸನ್ನತಿ ಇನ್ನೂ ಗಟ್ಟಿ ಅಂತ ಮೇಲ್ನೋಟಕ್ಕೆ ಅನಿಸ್ತದ. ಭೀಮಾ ದಂಡೆ, ಕನಗನಹಳ್ಳಿ ಸ್ತೂಪ, “ರಾಯ ಅಶೋಕ” ಅಂತ ಬ್ರಾಹ್ಮಿಯಲ್ಲಿ ಕೊರೆದ ಶಿಲ್ಪ. 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ಅಡಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಆದರೆ ಸನ್ನತಿ ಅಂದ ಕೂಡಲೇ ಚಂದ್ರಲಾಂಬಾ ಕ್ಷೇತ್ರ ಅಂತ ಬರ್ತದ, ಧರ್ಮದ ನಿಯಮ ಅಡ್ಡ ನಿಲ್ಲಬಹುದು. ನನ್ನ ಓಟು ಮಾನ್ಯಖೇಟಕ್ಕೆ.

ಬೆಪಿಕೊಲಂಬೊ ನೌಕೆ 2026ರ ನವೆಂಬರ್‌ನಲ್ಲಿ ಬುಧನ ಕಕ್ಷೆ ಸೇರುವ ಯೋಜನೆ ಇದೆ. ಹೊಸ ಚಿತ್ರ ಬಂದ ಹಾಗೆ ಹೊಸ ಹೆಸರು ಬೇಕಾಗ್ತಾವ. ತಯಾರಿ ಮಾಡಿಟ್ಟುಕೊಳ್ಳೋಕೆ ಇದೇ ಹೊತ್ತು.

ಶುಕ್ರದಲ್ಲಿ ಊರಿಗೆ ಜಾಗ ಇಲ್ಲ, ಅಲ್ಲಿ ಹೆಣ್ಣುಮಕ್ಕಳ ಹೆಸರಿನದೇ ರಾಜ್ಯ. ಶನಿಯ ಚಂದ್ರ ಟೈಟಾನ್‌ನಲ್ಲಿ ಮೀಥೇನ್ ಕೆರೆಗಳಿಗೆ ಭೂಮಿಯ ಕೆರೆಗಳ ಹೆಸರು, ಬತ್ತಿದ ಕೆರೆಗೆ ಬತ್ತುವ ಕೆರೆಯ ಹೆಸರು. ಕಚ್ ಲಕೂನಾ ಹಾಗೆ ಬಂದಿದ್ದು. ಮಟಿಲ್ಡೆ ಅನ್ನೋ ಕ್ಷುದ್ರಗ್ರಹ ಇದ್ದಿಲಿನಷ್ಟು ಕಪ್ಪು, ಅದಕ್ಕೇ ಅದರ ಕುಳಿಗಳಿಗೆ ಕಲ್ಲಿದ್ದಲು ಪ್ರದೇಶಗಳ ಹೆಸರಿಟ್ಟರು: ನಮ್ಮ ದೇಶದಿಂದ ಬೊಕಾರೊ, ದಾಮೋದರ್. ನಮ್ಮ ಮೂರು ಜಿಲ್ಲೆಯಲ್ಲಿ ಕಲ್ಲಿದ್ದಲು ಇಲ್ಲ, ಮುಂದೆ ಹೋಗೋಣ.

ತೊಗರಿ_ಕಣಜ

ಕುಬ್ಜಗ್ರಹ ಸೆರೆಸ್ ಮರೆತುಬಿಟ್ರಿ. ಅಲ್ಲಿ ಬೇಸಾಯದ ಹಬ್ಬಗಳ ಹೆಸರು ಇಡ್ತಾರ, ಪೊಂಗಲ್ ಕಟೇನಾ ಅಂತ ಕುಳಿಗಳ ಒಂದು ಸಾಲೇ ಅದ. ಊರಿನ ಹೆಸರಲ್ಲ, ಖರೇ, ಆದ್ರ ಎಳ್ಳಮಾವಾಸಿಗಿಂತ ದೊಡ್ಡ ಹೊಲದ ಹಬ್ಬ ನಮ್ಮ ಕಡೆ ಯಾವುದ್ರಿ? ಭಜ್ಜಿ, ಸಜ್ಜಿ ರೊಟ್ಟಿ ಕಟಗೊಂಡು ಊರಿಗೆ ಊರೇ ಹೊಲಕ್ಕ ಹೋಗ್ತದ.

ಫರಸಿಕಲ್ಲು

ಅರ್ಜಿ ಇಲ್ಲದ ಇನ್ನೊಂದು ದಾರಿನೂ ಅದ. ಕ್ಯೂರಿಯಾಸಿಟಿ ರೋವರ್ ತಂಡದವರು ಗೇಲ್ ಕುಳಿಯ ನೆಲಾನ ಸುಮಾರು 1.5 ಕಿ.ಮೀ. ಚೌಕ ಮಾಡಿ, ಪ್ರತಿ ಚೌಕಕ್ಕ ಹಳೇ ಬಂಡೆಗಲ್ಲು ಇರೋ ಭೂಮಿಯ ಒಂದು ಊರಿನ ಹೆಸರು ಕೊಟ್ಟಾರ. ಕೆನಡಾದ ಯೆಲ್ಲೋನೈಫ್ ಹಂಗ ಬಂತು. ಚೌಕದೊಳಗಿನ ಒಂದೊಂದು ಕಲ್ಲಿಗೆ ಆ ಊರ ಸುತ್ತಿನ ಹೆಸರು. ಇವು ಐಎಯು ಹೆಸರಲ್ಲ, ಕೆಲಸದ ಹೆಸರು, ತಂಡದೊಳಗಿದ್ದವರೇ ಇಡಬೇಕು. ನಮ್ಮ ಭೀಮಾ ಗುಂಪಿನ ಶಿಲಾಪದರುಗಳ ಹೆಸರು ನೋಡ್ರಿ: ರಬ್ಬನಪಲ್ಲಿ, ಶಹಾಬಾದ್, ಹಲಕಲ್. ಒಂದು ಚೌಕಕ್ಕ ಸಾಲೋವಷ್ಟು ಸರಂಜಾಮು ಶಹಾಬಾದ್ ಫರಸಿ ಗಣಿ ಸುತ್ತನೇ ಅದ. ಯಾರಾದ್ರೂ ನಮ್ಮ ಹುಡುಗರು ಅಂಥ ತಂಡ ಸೇರಿದ್ರ ನೆನಪಿರಲಿ.

ಸುರಪುರ_ಮಾಸ್ತರ

ಫಾರ್ಮಿನಾಗ ಏನೇನು ಕೇಳ್ತಾರ? ಸ್ಪೆಲಿಂಗ್ ಯಾವುದು ಬರೀಬೇಕು? ಸುರಪುರಕ್ಕೇ ಹಳೇ ದಾಖಲೆದಾಗ ಶೋರಾಪುರ ಅಂತ ಅದ.

ನಕಾಶೆ_ಹುಚ್ಚ

ಗೆಜೆಟಿಯರ್ ಸೈಟಿನಲ್ಲೇ ಹೆಸರಿನ ಕೋರಿಕೆಯ ಫಾರ್ಮ್ ಇದೆ, ಶುಲ್ಕ ಇಲ್ಲ. ಗ್ರಹ, ರಚನೆಯ ಬಗೆ, ಕೇಂದ್ರದ ಅಕ್ಷಾಂಶ–ರೇಖಾಂಶ, ವ್ಯಾಸ, ಹೆಸರು, ಹೆಸರಿನ ಮೂಲ, ಹೆಸರು ಯಾಕೆ ಬೇಕು ಅನ್ನೋ ಕಾರಣ. ಜೊತೆಗೆ ಚಿತ್ರ. ಮಂಗಳದ ಕಾರ್ಯತಂಡ ಮೊದಲು ನೋಡ್ತದ, ಆಮೇಲೆ ಮುಖ್ಯ ಕಾರ್ಯಪಡೆ ಮತ ಹಾಕ್ತದ, ಒಪ್ಪಿದರೆ ಗೆಜೆಟಿಯರ್‌ಗೆ ಏರಿಸ್ತಾರ. ಪ್ರಬಂಧ ಪತ್ರಿಕೆಗೆ ಕಳಿಸೋ ದಿನ ಅರ್ಜಿ ಹಾಕಿದರೆ ಹೊತ್ತಾಗ್ತದ, ಬರೆಯುವಾಗಲೇ ಹಾಕಿ. ಒಪ್ಪಿಗೆ ಬರೋ ತನಕ ಪ್ರಬಂಧದಲ್ಲಿ ಆ ಹೆಸರು ಬಳಸಬೇಡಿ.

ಸ್ಪೆಲಿಂಗ್ ನಿಮ್ಮ ಇಷ್ಟದ್ದಲ್ಲ, ತೋರಿಸುವ ದಾಖಲೆಯದ್ದು. ಸೇಡಂ ಹಳೇ ಕಾಗದಗಳಲ್ಲಿ ಸೇರಂ ಆಗಿದೆ, ಚಿತ್ತಾಪುರಕ್ಕೆ ತಕಾರ ಒಂದೋ ಎರಡೋ ಅನ್ನೋ ಜಗಳ ಇದೆ. ಈಗಿನ ಸರ್ಕಾರಿ ನಕಾಶೆ ಅಥವಾ ಜನಗಣತಿಯಲ್ಲಿ ಇರೋದನ್ನ ಹಿಡೀರಿ, ಅದೇ ಪುಟ ಲಗತ್ತಿಸಿ. ಭಾಲ್ಕಿಗೆ ಈ ರಗಳೆ ಕಡಿಮೆ. ನಂತರ ಗೆಜೆಟಿಯರ್‌ನಲ್ಲಿ ಬರೀ ಮಂಗಳ ಅಲ್ಲ, ಎಲ್ಲ ಗ್ರಹ–ಉಪಗ್ರಹದಲ್ಲೂ ಆ ಹೆಸರು ಹುಡುಕಿ, ಕ್ಷುದ್ರಗ್ರಹಗಳ ಪಟ್ಟಿಯಲ್ಲೂ ಹುಡುಕಿ. ಒಂದಕ್ಷರ ಆಚೀಚೆ ಇರೋ ಹೆಸರಿದ್ದರೂ ಇನ್ನೊಂದು ಹೆಸರು ಕೈಯಲ್ಲಿರಲಿ.

ಬಿದರಿ_ಕುಸುರಿ

ಚಿತ್ರದ ಬಗ್ಗೆ ಒಂದು. ಎರಡು ಚಿತ್ರ ಕಳಿಸಿ: ದೂರದಿಂದ ಒಂದು, ಅದರಲ್ಲಿ ಪಕ್ಕದ ಹೆಸರಿರುವ ಯಾವುದಾದರೂ ರಚನೆ ಕಾಣಲಿ, ಹತ್ತಿರದಿಂದ ಒಂದು, ಕುಳಿಯ ಅಂಚು ಪೂರ್ತಿ ಚೌಕಟ್ಟಿನೊಳಗಿರಲಿ. ಎರಡರಲ್ಲೂ ಅಳತೆಪಟ್ಟಿ, ಉತ್ತರದ ಬಾಣ, ಕುಳಿಗೆ ಬಾಣದ ಗುರುತು ಬೇಕು. ಸುತ್ತ ಅಂಥವೇ ನಾಲ್ಕು ಕುಳಿ ಇದ್ದರೆ ಬಾಣ ಇಲ್ಲದ ಚಿತ್ರದಿಂದ ಏನೂ ಗೊತ್ತಾಗಲ್ಲ.

ಹುಡುಗರಿಗೆ ಇದೊಂದು ಹೇಳಿ: ಇಡೀ ಮಂಗಳದ ಸಿಟಿಎಕ್ಸ್ ಮೊಸಾಯಿಕ್ (ಎಲ್ಲ ಚಿತ್ರ ಜೋಡಿಸಿದ ಒಂದೇ ನಕಾಶೆ) ಇಳಿಸೋಕೆ ಹೋಗಬೇಡಿ, ಅದು 5.7 ಲಕ್ಷ ಕೋಟಿ ಪಿಕ್ಸೆಲ್. ಅದನ್ನು 4 ಡಿಗ್ರಿ ಚೌಕದ ತುಂಡು ಮಾಡಿ ಇಟ್ಟಿದ್ದಾರೆ. ಸಮಭಾಜಕದ ಹತ್ತಿರ ಒಂದು ತುಂಡು ಸುಮಾರು 237 ಕಿ.ಮೀ. ಬದಿ, ಪಿಕ್ಸೆಲ್ಲಿಗೆ 5 ಮೀಟರ್ ಅಂದರೆ ಬದಿಗೆ 47 ಸಾವಿರ ಪಿಕ್ಸೆಲ್ ಚಿಲ್ಲರೆ. 8 ಬಿಟ್ ಲೆಕ್ಕದಲ್ಲಿ ಒಂದೇ ತುಂಡು ಬಿಚ್ಚಿದಾಗ 2 ಜಿಬಿ ದಾಟುತ್ತೆ. 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಫೋಟೊ ತಂತ್ರಾಂಶದಲ್ಲಿ ತೆರೆದರೆ ಕೂತಲ್ಲೇ ಕೂರುತ್ತೆ. ಕ್ಯೂಜಿಐಎಸ್ ಅನ್ನೋ ನಕಾಶೆ ತಂತ್ರಾಂಶದಲ್ಲಿ ತೆರೆಯಿರಿ, ಅದು ಪರದೆಗೆ ಬೇಕಾದಷ್ಟೇ ಓದಿಕೊಳ್ಳುತ್ತೆ. ಕುಳಿಯ ಸುತ್ತ 30 ಕಿ.ಮೀ. ಕತ್ತರಿಸಿ ಬೇರೆ ಕಡತ ಮಾಡಿಕೊಂಡು, ಅಳತೆ ಕೆಲಸ ಅದರ ಮೇಲೆ ಮಾಡಿ.

ಸುರಪುರ_ಮಾಸ್ತರ

ಮೊದಲು ಮಾವರ್ತ್ ಸುತ್ತಿನ ಎರಡು ತುಂಡು ಇಳಿಸ್ತೀವಿ ಮೇಡಂ. ಫರಸಿಕಲ್ಲು ಸರ್, ಕ್ರಿಸಂ ದತ್ತಾಂಶ ಇರೋ ಕುಳಿ ಜೆಮಾರ್ಸ್‌ನಾಗೇ ಗೊತ್ತಾಗ್ತದೇನು?

ಫರಸಿಕಲ್ಲು

ಗೊತ್ತಾಗ್ತದ್ರಿ. ಚಿತ್ರಗಳ ಗಡಿ ತೋರಿಸೋ ಪದರು ಹಾಕ್ರಿ, ಕ್ರಿಸಂ ಆರಿಸ್ರಿ. ಗಡಿ ಕುಳಿಯ ಗೋಡಿ ಮ್ಯಾಲ ಹಾದಿರಬೇಕು. ಬರೇ ತಳದ ಮ್ಯಾಲ ಹಾದಿದ್ರ ಬ್ಯಾಡ, ಅಲ್ಲಿ ಗಾಳಿ ತಂದ ಧೂಳು ಕುಂತಿರ್ತದ, ಜೇಡಿಯ ಗುರುತು ಸಿಗಂಗಿಲ್ಲ.